ಹಂಸ ಎಂದರೆ ಯಾವ ಹಕ್ಕಿ?

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ವರ್ಷ ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಬಂದಿಳಿಯುತ್ತವೆ. ಬೂದು ಬಿಳುಪಿನ ಮೈ, ಬಿಳಿ ತಲೆ, ನೆತ್ತಿಯ ಹಿಂದೆ ಅಡ್ಡಗೆರೆ ಎಳೆದಂತೆ ಎರಡು ಕಪ್ಪು ಪಟ್ಟೆ, ಕಿತ್ತಳೆ ಬಣ್ಣದ ಕೊಕ್ಕು, ಅದೇ ಬಣ್ಣದ ಕಾಲು. ಹಗಲೆಲ್ಲ ನೀರಿನಲ್ಲಿ ತೇಲುತ್ತ, ದಂಡೆಯ ಮೇಲೆ ಕತ್ತು ಮುದುರಿ ಕುಳಿತು ಕಾಲ ಕಳೆಯುವ ಇವು ಹೊತ್ತು ಮುಳುಗುತ್ತಿದ್ದಂತೆ ಗದ್ದಲ ಎಬ್ಬಿಸಿ ಮೇಲೇಳುತ್ತವೆ. ಆಕಾಶದಲ್ಲಿ ಸಾಲು ಕಟ್ಟಿಕೊಂಡು ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಶೇಂಗಾ, ಕಡಲೆ, ಆಗಷ್ಟೇ ಚಿಗುರಿದ ಪೈರು ಇವುಗಳ ಮೇವು. ಬೆಳಗಾಗುವಷ್ಟರಲ್ಲಿ ಮತ್ತೆ ಕೆರೆಗೆ ವಾಪಸು.

ಕನ್ನಡದ ಪಕ್ಷಿ ಪುಸ್ತಕಗಳು ಇದನ್ನು ‘ಪಟ್ಟೆತಲೆ ಹೆಬ್ಬಾತು’ ಎಂದು ಕರೆಯುತ್ತವೆ. ಹಳ್ಳಿಯ ಜನಕ್ಕೆ ಅದು ಬರೀ ‘ಬಾತು’. ಕೆರೆ ನೋಡಲು ಬರುವ ಪ್ರವಾಸಿಗರಿಗಂತೂ ವಲಸೆ ಬಂದ ಇನ್ನೊಂದು ಬಗೆಯ ಬಾತುಕೋಳಿ. ಆದರೆ ವೇದಗಳಿಂದ ಹಿಡಿದು ಕಾಳಿದಾಸನವರೆಗೆ, ಅಶೋಕನ ಸ್ತಂಭಗಳಿಂದ ಹಿಡಿದು ಹೊಯ್ಸಳ ದೇವಾಲಯಗಳವರೆಗೆ ‘ಹಂಸ’ ಎಂಬ ಹೆಸರಿನಿಂದ ಮೆರೆದ ಹಕ್ಕಿ ಯಾವುದು ಎಂದು ಹುಡುಕುತ್ತ ಹೋದ ವಿದ್ವಾಂಸರಲ್ಲಿ ಹಲವರು ಕೊನೆಗೆ ಬೆರಳು ಮಾಡಿ ತೋರಿಸಿದ್ದು ಈ ಹೆಬ್ಬಾತನ್ನೇ.

ನಂಬುವುದು ಕಷ್ಟ. ಏಕೆಂದರೆ ಹಂಸ ಎಂದೊಡನೆ ಇಂದಿನ ಓದುಗನ ಕಣ್ಣ ಮುಂದೆ ಬರುವುದು ಹಾಲಿನಂಥ ಬಿಳಿಯ, ಪ್ರಶ್ನಾರ್ಥಕ ಚಿಹ್ನೆಯಂತೆ ಉದ್ದನೆಯ ಕತ್ತು ಬಳುಕಿಸಿದ, ನೀರಿನ ಮೇಲೆ ಸದ್ದಿಲ್ಲದೆ ಜಾರುವ ಹಕ್ಕಿ. ಸರಸ್ವತಿಯ ಕ್ಯಾಲೆಂಡರಿನಲ್ಲಿ, ಮದುವೆ ಮಂಟಪದ ಥರ್ಮೋಕೋಲಿನಲ್ಲಿ, ಹೋಟೆಲಿನ ಮುಂದಿನ ಕಾರಂಜಿಯಲ್ಲಿ ಇರುವುದು ಅದೇ. ಇಂಗ್ಲಿಷಿನವರು ‘ಸ್ವಾನ್’ ಎನ್ನುವ ಆ ಹಕ್ಕಿ ಯೂರೋಪು ಮತ್ತು ಉತ್ತರ ಏಷ್ಯಾದ್ದು. ಭಾರತಕ್ಕೆ ಅದು ಬರುವುದೇ ಅಪರೂಪ. ಕಡು ಚಳಿಯ ವರ್ಷಗಳಲ್ಲಿ ದಾರಿ ತಪ್ಪಿದ ಒಂದೋ ಎರಡೋ ಹಕ್ಕಿ ವಾಯವ್ಯದ ನದಿ, ಸರೋವರಗಳಲ್ಲಿ ಕಂಡದ್ದುಂಟು. ದಕ್ಷಿಣ ಭಾರತದ ಕೆರೆಗಳಿಗೆ ಅದು ತಾನಾಗಿ ಬರುವ ಹಕ್ಕಿಯೇ ಅಲ್ಲ. ಹಾಗಾದರೆ ಕಂಡೇ ಇರದ ಹಕ್ಕಿಯ ನಡಿಗೆ, ದನಿ, ವಲಸೆ, ಗರಿ ಎಲ್ಲವನ್ನೂ ನಮ್ಮ ಕವಿಗಳು ಅಷ್ಟು ವಿವರವಾಗಿ ಬಣ್ಣಿಸಿದ್ದಾದರೂ ಹೇಗೆ?

ನೀಲಿ ಬೆನ್ನಿನ ಹಂಸ

ಉತ್ತರಕ್ಕೆ ಋಗ್ವೇದದಷ್ಟು ಹಿಂದೆ ಹೋಗಬೇಕು. ಅಲ್ಲಿ ಹಂಸಗಳು ಸಾಲುಗಟ್ಟಿ ಹಾರುತ್ತವೆ. ಏಳನೆಯ ಮಂಡಲದ ಒಂದು ಸೂಕ್ತದಲ್ಲಿ ಮರುತ್ತುಗಳನ್ನು ‘ನೀಲಪೃಷ್ಠ’ ಹಂಸಗಳಿಗೆ ಹೋಲಿಸಲಾಗಿದೆ. ನೀಲಪೃಷ್ಠ ಎಂದರೆ ಕಪ್ಪು ನೀಲಿ ಬೆನ್ನುಳ್ಳದ್ದು. ಅಪ್ಪಟ ಬಿಳಿಯ ಹಕ್ಕಿಗೆ ಈ ವಿಶೇಷಣ ಸಲ್ಲುವುದಿಲ್ಲ. ಬೂದು ಬೆನ್ನಿನ ಹೆಬ್ಬಾತಿಗೆ ಸಲ್ಲುತ್ತದೆ.

ಪದದ ವಂಶಾವಳಿಯೂ ಇದನ್ನೇ ಹೇಳುತ್ತದೆ. ಸಂಸ್ಕೃತದ ಹಂಸ, ಲ್ಯಾಟಿನ್ನಿನ ‘ಆನ್ಸರ್’, ಜರ್ಮನ್ ಭಾಷೆಯ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಇವೆಲ್ಲ ಒಂದೇ ಬೇರಿನಿಂದ ಒಡೆದ ಕವಲುಗಳು ಎಂಬುದು ಭಾಷಾಶಾಸ್ತ್ರಜ್ಞರಲ್ಲಿ ವಿವಾದವಿಲ್ಲದ ಸಂಗತಿ. ಮೂರೂ ಯೂರೋಪಿಯನ್ ಭಾಷೆಗಳಲ್ಲಿ ಆ ಪದಕ್ಕೆ ಹೆಬ್ಬಾತು ಎಂದೇ ಅರ್ಥ. ಹಂಸ ಮತ್ತು ಗೂಸ್ ಅಕ್ಕತಂಗಿಯರು. ಸ್ವಾನ್ ಬೇರೆ ಮನೆಯದು.

ಅಮರಕೋಶ ಇನ್ನೂ ನಿಖರವಾಗಿದೆ. ಬಿಳಿಯ ಮೈ, ಕೆಂಪು ಕೊಕ್ಕು ಮತ್ತು ಕಾಲುಗಳಿದ್ದರೆ ಅದು ರಾಜಹಂಸ. ಕೊಕ್ಕು ಕಾಲು ಮಾಸಲು ಬಣ್ಣದ್ದಾಗಿದ್ದರೆ ಮಲ್ಲಿಕಾಕ್ಷ. ಕಪ್ಪಾಗಿದ್ದರೆ ಧಾರ್ತರಾಷ್ಟ್ರ. ಅಂದರೆ ಅಮರಸಿಂಹನ ಕಾಲಕ್ಕಾಗಲೇ ಹಂಸ ಎಂಬುದು ಒಂದೇ ಹಕ್ಕಿಯ ಹೆಸರಾಗಿರದೆ ಒಂದು ಬಳಗದ ಹೆಸರಾಗಿತ್ತು. ‘ಕೊಕ್ಕರೆ’ ಎಂದು ನಮ್ಮ ಜನ ನೀಳ ಕಾಲಿನ ಹತ್ತಾರು ಹಕ್ಕಿಗಳನ್ನು ಒಟ್ಟಿಗೆ ಕರೆಯುವುದಿಲ್ಲವೆ, ಹಾಗೆ.

ಡಚ್ ವಿದ್ವಾಂಸ ಜೆ. ಪಿ. ಫೋಗೆಲ್ ಈ ವಿಷಯಕ್ಕಾಗಿಯೇ ಬರೆದ ಒಂದು ಪುಸ್ತಕ 1962ರಲ್ಲಿ ಪ್ರಕಟವಾಯಿತು. ಭಾರತೀಯ ಸಾಹಿತ್ಯ ಮತ್ತು ಕಲೆಯಲ್ಲಿ ಬರುವ ಹಂಸಗಳನ್ನೆಲ್ಲ ಕಲೆಹಾಕಿ, ಅವು ಹೆಬ್ಬಾತುಗಳೇ ಎಂದು ವಾದಿಸಿದ. ಎಲ್ಲರೂ ಒಪ್ಪಲಿಲ್ಲ. ಸಂಸ್ಕೃತ ಸಾಹಿತ್ಯದ ಪಕ್ಷಿಗಳ ಬಗ್ಗೆ ಜೀವಮಾನದ ಅಧ್ಯಯನ ನಡೆಸಿದ ಕೆ. ಎನ್. ದವೆ, 1985ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಹಂಸ ಎಂಬ ಹೆಸರಿನಡಿ ಸ್ವಾನ್ ಕೂಡ ಸೇರುತ್ತದೆ ಎಂದರು. ವಾಯವ್ಯದಲ್ಲಿ ನೆಲೆಸಿದ್ದ ವೈದಿಕ ಜನರಿಗೆ ಆ ಹಕ್ಕಿಯ ಪರಿಚಯ ಇದ್ದಿರಬಹುದು ಎನ್ನುವುದು ತೆಗೆದುಹಾಕುವ ಮಾತಲ್ಲ. ಆದರೆ ಕಲ್ಲಿನಲ್ಲಿ ಉಳಿದಿರುವ ಸಾಕ್ಷ್ಯ ಫೋಗೆಲ್ ಕಡೆಗೇ ವಾಲುತ್ತದೆ.

ಬಿಹಾರದ ಲೌರಿಯಾ ನಂದನಗಢದಲ್ಲಿರುವ ಅಶೋಕ ಸ್ತಂಭದ ಸಿಂಹದ ಕೆಳಗೆ, ಪೀಠದ ಸುತ್ತ, ಒಂದು ಹಂಸಗಳ ಸಾಲಿದೆ. ಕತ್ತು ಗಿಡ್ಡ, ಮೈ ದುಂಡು. ಅಜಂತಾದ ಗೋಡೆಗಳ ಮೇಲೆ ಹಂಸ ಜಾತಕದ ಕಥೆಯಲ್ಲಿ ಕಾಣುವವೂ ಹೆಬ್ಬಾತಿನ ಆಕಾರದವೇ. ಬುದ್ಧನ ನಾಡಿನಿಂದ ಗ್ರಂಥಗಳನ್ನು ಹೊತ್ತೊಯ್ದ ಚೀನೀಯರು ಹಂಸ ಎಂಬ ಪದಕ್ಕೆ ತಮ್ಮ ಭಾಷೆಯಲ್ಲಿ ಬಳಸಿದ್ದು ಕಾಡು ಹೆಬ್ಬಾತಿನ ಹೆಸರನ್ನು. ಹ್ಯೂಯೆನ್ ತ್ಸಾಂಗ್ ತಂದ ಗ್ರಂಥಗಳಿಗಾಗಿ ಕ್ರಿ.ಶ. 652ರಲ್ಲಿ ಕಟ್ಟಿದ ಶಿಯಾನ್ ನಗರದ ಗೋಪುರವನ್ನು ಇಂದಿಗೂ ‘ದೊಡ್ಡ ಕಾಡು ಹೆಬ್ಬಾತಿನ ಪಗೋಡಾ’ ಎಂದೇ ಕರೆಯುತ್ತಾರೆ.

ಕನ್ನಡನಾಡಿನವರು ಇದನ್ನು ನೋಡಲು ಚೀನಾಕ್ಕೆ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಪಟ್ಟಿಕೆಗಳಲ್ಲಿ ಎಲ್ಲಕ್ಕಿಂತ ಕೆಳಗೆ ಆನೆಗಳು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆಗಳು, ಮಕರ. ಎಲ್ಲಕ್ಕಿಂತ ಮೇಲೆ ಹಂಸಗಳ ಸಾಲು. 1268ರ ಸೋಮನಾಥಪುರದಲ್ಲೂ ಮೇಲಿನ ಸ್ಥಾನ ಹಂಸಕ್ಕೇ. ಹೊಯ್ಸಳ ಶಿಲ್ಪಿ ಅದರ ಬಾಲವನ್ನು ಬಳ್ಳಿಯಂತೆ ಸುರುಳಿ ಸುತ್ತಿಸಿದ್ದಾನೆ, ಅದು ಅವನ ಅಲಂಕಾರದ ಹುಚ್ಚು. ಆದರೆ ಎದೆಯುಬ್ಬಿದ ಮೈಕಟ್ಟು, ಗಿಡ್ಡ ಕತ್ತು, ನೆಲದ ಮೇಲೆ ಊರಿ ನಡೆಯುವ ಕಾಲು ಇವೆಲ್ಲ ಹೆಬ್ಬಾತಿನವು. ಬಂದ ಪ್ರವಾಸಿಗರಲ್ಲಿ ಹೆಚ್ಚಿನವರು ಆನೆಗಳನ್ನು ಎಣಿಸಿ ಮುಂದೆ ಸಾಗುತ್ತಾರೆ. ಕಣ್ಣಿನ ಮಟ್ಟದಲ್ಲೇ ಇರುವ ಹಂಸವನ್ನು ನವಿಲೆಂದುಕೊಳ್ಳುವವರೂ ಉಂಟು.

ನಡಿಗೆಯ ಮಾತು ಬಂದದ್ದರಿಂದ ಇನ್ನೊಂದು. ‘ಹಂಸಗಮನೆ’ ಎಂಬ ಹೊಗಳಿಕೆ ನಮ್ಮ ಕಾವ್ಯಗಳಲ್ಲಿ ಸವೆದುಹೋಗುವಷ್ಟು ಬಳಕೆಯಾಗಿದೆ. ಮನುಸ್ಮೃತಿಯಲ್ಲೂ ಹಂಸದಂತೆ ಅಥವಾ ಆನೆಯಂತೆ ನಡೆಯುವ ಕನ್ಯೆಯ ಮಾತಿದೆ. ಸ್ವಾನ್ ನೀರಿನಲ್ಲಿ ಎಷ್ಟು ಸೊಗಸೋ ನೆಲದ ಮೇಲೆ ಅಷ್ಟೇ ಪೇಚು. ಹೆಬ್ಬಾತು ಹಾಗಲ್ಲ. ಹುಲ್ಲು ಮೇಯುವ ಹಕ್ಕಿಯಾದ್ದರಿಂದ ಅದರ ಕಾಲುಗಳು ಮೈಯ ನಡುಭಾಗಕ್ಕೆ ಹತ್ತಿರವಿದ್ದು, ಅದು ತುಸು ತೂಗಾಡುತ್ತ, ಅವಸರವಿಲ್ಲದೆ, ಗಂಟೆಗಟ್ಟಲೆ ನಡೆಯಬಲ್ಲದು. ಕವಿ ನೋಡಿದ್ದು ಹೊಲದಲ್ಲಿ ಮೇಯುತ್ತಿದ್ದ ಹಕ್ಕಿಯನ್ನು. ಅಂತೆಯೇ ಹೆಣ್ಣಿನ ಕಾಲ್ಗೆಜ್ಜೆಯ ಸದ್ದನ್ನು ಹಂಸಗಳ ಕಲರವಕ್ಕೆ ಹೋಲಿಸುವ ಪರಿಪಾಠ. ಯೂರೋಪಿನ ಉದ್ಯಾನಗಳಲ್ಲಿ ಸಾಕುವ ಸ್ವಾನ್‌ಗೆ ‘ಮೂಕ’ ಎಂಬುದೇ ವಿಶೇಷಣ. ಹೆಬ್ಬಾತುಗಳ ಹಿಂಡು ಮಾತ್ರ ಒಂದು ನಿಮಿಷ ಬಾಯಿ ಮುಚ್ಚುವುದಿಲ್ಲ. ‘ಹಂಸತೂಲಿಕಾತಲ್ಪ’ದ ಮೆತ್ತನೆಯ ತುಪ್ಪುಳಕ್ಕೂ ಬೇರೆ ವಿವರಣೆ ಬೇಕಿಲ್ಲ. ಹಿಮಾಲಯ ಹತ್ತುವವರು ತೊಡುವ ಬೆಚ್ಚನೆಯ ಅಂಗಿಯೊಳಗೆ ಇಂದಿಗೂ ತುಂಬುವುದು ಹೆಬ್ಬಾತಿನ ತುಪ್ಪುಳವನ್ನೇ.

ಅನುವಾದಕನ ಸಂಕೋಚ

ಇಷ್ಟೆಲ್ಲ ಸಾಕ್ಷ್ಯವಿದ್ದೂ ಹಂಸ ಸ್ವಾನ್ ಆದದ್ದು ಯಾವಾಗ? ಇದರಲ್ಲಿ ಇಂಗ್ಲಿಷ್ ಅನುವಾದಕರ ಪಾಲು ದೊಡ್ಡದು.

ಇಂಗ್ಲಿಷಿನಲ್ಲಿ ಗೂಸ್ ಎಂದರೆ ಪೆದ್ದು. ಬುದ್ಧಿಯಿಲ್ಲದವರನ್ನು ಆ ಹೆಸರಿನಿಂದ ಕರೆಯುವುದುಂಟು. ನಮ್ಮಲ್ಲಿ ಕತ್ತೆಗೆ ಬಂದ ಗತಿ ಅಲ್ಲಿ ಅದಕ್ಕೆ ಬಂದಿದೆ. ಜೊತೆಗೆ ಅದು ಕ್ರಿಸ್‌ಮಸ್ ಹಬ್ಬದ ಊಟದ ಹಕ್ಕಿ. ದಮಯಂತಿಯ ಬಳಿಗೆ ಪ್ರೇಮಸಂದೇಶ ಹೊತ್ತು ತಂದದ್ದು ಗೂಸ್ ಎಂದು ಬರೆದರೆ ಲಂಡನ್ನಿನ ಓದುಗ ನಕ್ಕಾನು. 1835ರಲ್ಲಿ ನಳೋಪಾಖ್ಯಾನವನ್ನು ಇಂಗ್ಲಿಷ್ ಪದ್ಯಕ್ಕೆ ತಂದ ಹೆನ್ರಿ ಹಾರ್ಟ್ ಮಿಲ್ಮನ್ ಈ ಇಕ್ಕಟ್ಟನ್ನು ಮುಚ್ಚಿಡಲಿಲ್ಲ. ಮೂಲದಲ್ಲಿರುವುದು ಅಷ್ಟೇನೂ ಕಾವ್ಯಮಯವಲ್ಲದ ಹಕ್ಕಿ, ಹೆಬ್ಬಾತುಗಳನ್ನು ಸ್ವಾನ್‌ಗಳಾಗಿಸಲು ಅಪ್ಪಣೆ ಬೇಕು ಎಂದು ಟಿಪ್ಪಣಿಯಲ್ಲಿ ಓದುಗರನ್ನೇ ಕೇಳಿಕೊಂಡ. ಅವನಿಗೆ ಅಪ್ಪಣೆ ಸಿಕ್ಕಿತು. ಅವನ ನಂತರ ಬಂದವರಲ್ಲಿ ಅನೇಕರು ಕೇಳುವ ಗೋಜಿಗೂ ಹೋಗಲಿಲ್ಲ.

ಮೋಜಿನ ಸಂಗತಿಯೆಂದರೆ, ಪಂಚತಂತ್ರದಲ್ಲಿ ಕೋಲಿನ ಎರಡು ತುದಿ ಕಚ್ಚಿ ಆಮೆಯನ್ನು ಆಕಾಶಕ್ಕೆ ಒಯ್ಯುವ ಎರಡು ಹಂಸಗಳು ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಗೂಸ್‌ಗಳಾಗಿಯೇ ಉಳಿದಿವೆ. ಮಕ್ಕಳ ಕಥೆಗೆ ಆ ಹಕ್ಕಿ ನಡೆಯುತ್ತದೆ. ರಾಜಕುಮಾರಿಯ ಉದ್ಯಾನಕ್ಕೆ, ಬ್ರಹ್ಮನ ಸವಾರಿಗೆ, ಪರಮಹಂಸರ ಬಿರುದಿಗೆ ನಡೆಯುವುದಿಲ್ಲ. ಒಂದೇ ಸಂಸ್ಕೃತ ಪದ ಸಂದರ್ಭದ ಗೌರವ ನೋಡಿಕೊಂಡು ಎರಡು ಇಂಗ್ಲಿಷ್ ಹಕ್ಕಿಗಳಾಯಿತು.

ಆ ಇಂಗ್ಲಿಷ್ ಹಕ್ಕಿಯೇ ಮರಳಿ ನಮ್ಮ ಮನೆಗೆ ಬಂತು. ರಾಜಾ ರವಿವರ್ಮ 1899ರಲ್ಲಿ ಚಿತ್ರಿಸಿದ ‘ಹಂಸ ದಮಯಂತಿ’ಯಲ್ಲಿ ದಮಯಂತಿಯ ಮುಂದಿರುವುದು ನೀಳ ಕತ್ತಿನ ಬಿಳಿಯ ಸ್ವಾನ್. ಮುದ್ರಣಾಲಯಗಳಿಂದ ಹೊರಟ ದೇವರ ಪಟಗಳು ಆ ರೂಪವನ್ನು ಮನೆಮನೆಯ ಗೋಡೆಗೆ ತಲುಪಿಸಿದವು. ಶಾಲೆಯ ಇಂಗ್ಲಿಷ್ ಪಾಠದಲ್ಲಿ ಸ್ವಾನ್ ಎಂದರೆ ಹಂಸ ಎಂದು ಬರೆಸಿದರು. ಅದರ ಬೆನ್ನಿಗೆ ಯೂರೋಪಿನ ನಂಬಿಕೆಗಳೂ ಬಂದವು. ಸಾಯುವ ಮುನ್ನ ಹಂಸ ತನ್ನ ಜೀವಮಾನದ ಅತ್ಯಂತ ಇಂಪಾದ ಹಾಡು ಹಾಡುತ್ತದೆ ಎನ್ನುವುದು ಗ್ರೀಕರ ಕಲ್ಪನೆ. ಇಂದು ಕನ್ನಡದಲ್ಲಿ ಕಲಾವಿದನ ಕೊನೆಯ ಕೃತಿಗೆ ‘ಹಂಸಗೀತೆ’ ಎನ್ನುವುದು ಎಷ್ಟು ಸಹಜವಾಗಿದೆಯೆಂದರೆ ಅದು ಹೊರಗಿನದೆಂದು ಯಾರಿಗೂ ಅನ್ನಿಸುವುದಿಲ್ಲ. ತ.ರಾ.ಸು. ಅವರ ಕಾದಂಬರಿಯನ್ನು ಆಧರಿಸಿ ಜಿ. ವಿ. ಅಯ್ಯರ್ 1975ರಲ್ಲಿ ತೆಗೆದ ಚಿತ್ರ ಆ ಪದವನ್ನು ಮನೆಮಾತು ಮಾಡಿತು. ರಾಮಸ್ವಾಮಿ ದೀಕ್ಷಿತರು ಸೃಷ್ಟಿಸಿದರೆನ್ನಲಾದ ‘ಹಂಸಧ್ವನಿ’ ರಾಗದಲ್ಲಿರುವುದು ಮಾತ್ರ ಸಾವಿನ ಹಾಡಲ್ಲ. ಕಚೇರಿಯ ಆರಂಭಕ್ಕೇ ಅದನ್ನು ಹಾಡುವುದು ರೂಢಿ.

ಹಾಲು, ನೀರು ಮತ್ತು ಉಸಿರು

ಹಾಲಿನಿಂದ ನೀರನ್ನು ಬೇರ್ಪಡಿಸುವ ಶಕ್ತಿಯ ಕಥೆಯೇನು? ಇದು ಹಂಸಕ್ಕೆ ಎರವಲು ಬಂದದ್ದಿರಬಹುದು. ಯಜುರ್ವೇದದಲ್ಲಿ ನೀರಿನಿಂದ ಹಾಲನ್ನು ಬೇರ್ಪಡಿಸಿ ಕುಡಿಯುವುದು ಕ್ರೌಂಚ. ಹಂಸ ಬೇರ್ಪಡಿಸುವುದು ಸೋಮರಸವನ್ನು. ಮುಂದೆ ಸೋಮ ಮರೆಯಾಗಿ, ಹಾಲಿನ ಕೀರ್ತಿ ಹಂಸದ ಪಾಲಾಯಿತು. ಹಾರ್ವರ್ಡಿನ ಸಂಸ್ಕೃತ ಪ್ರಾಧ್ಯಾಪಕ ಚಾರ್ಲ್ಸ್ ಲ್ಯಾನ್ಮನ್ 1898ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟ. ಇಲ್ಲಿ ‘ಕ್ಷೀರ’ ಎಂದರೆ ಹಸುವಿನ ಹಾಲಲ್ಲ, ತಾವರೆಯ ದಂಟನ್ನು ಮುರಿದಾಗ ಒಸರುವ ಬಿಳಿಯ ರಸ. ನೀರಿನೊಳಗಿನ ದಂಟನ್ನು ಕಚ್ಚಿ ರಸ ಹೀರುವ ಹಕ್ಕಿಯನ್ನು ಕಂಡವರು ಈ ಮಾತು ಹುಟ್ಟಿಸಿದರು ಎಂಬುದು ಅವನ ಊಹೆ. ಹಂಸಗಳು ತಾವರೆ ದಂಟನ್ನು ತಿನ್ನುತ್ತವೆ ಎಂದು ಸಂಸ್ಕೃತ ಕವಿಗಳು ಮತ್ತೆ ಮತ್ತೆ ಹೇಳುವುದರಿಂದ ಈ ಊಹೆ ಒಪ್ಪುವಂತಿದೆ.

ಹಂಸದ ಇನ್ನಿತರ ಅರ್ಥಗಳು ಹಕ್ಕಿಯಿಂದ ದೂರ ಸಾಗಿದವು. ಆಕಾಶದಲ್ಲಿ ಒಂಟಿಯಾಗಿ ಸಂಚರಿಸುವ ಸೂರ್ಯ ಹಂಸನಾದ. ಒಳಗೆ ಹೋಗುವ, ಹೊರಗೆ ಬರುವ ಉಸಿರಿನ ಸದ್ದಿನಲ್ಲಿ ಯೋಗಿಗಳು ‘ಹಂಸ’, ‘ಸೋಽಹಂ’ ಎಂಬ ಜಪವನ್ನು ಕೇಳಿದರು. ದಿನಕ್ಕೆ 21,600 ಬಾರಿ ಮನುಷ್ಯ ತನಗರಿವಿಲ್ಲದೆ ಈ ಜಪ ಮಾಡುತ್ತಾನೆ ಎಂಬ ಲೆಕ್ಕವೂ ಇದೆ. ಸನ್ಯಾಸಿಗಳಲ್ಲಿ ಕುಟೀಚಕ, ಬಹೂದಕ, ಹಂಸ, ಪರಮಹಂಸ ಎಂಬ ನಾಲ್ಕು ದರ್ಜೆಗಳಾದವು. ಒಂದು ನೆಲೆಯಲ್ಲಿ ನಿಲ್ಲದೆ ಊರೂರು ಅಲೆಯುವ ಯತಿಗೆ ವಲಸೆ ಹಕ್ಕಿಯ ಹೆಸರು ಸಂದದ್ದು ಸರಿಯಾಗಿಯೇ ಇದೆ. ತತ್ತ್ವಪದಕಾರರಿಗಂತೂ ದೇಹದ ಗೂಡಿನಿಂದ ಹಾರಿಹೋಗುವ ಜೀವವೇ ಹಂಸ. ಹೀಗೆ ಹೆಸರು ಎತ್ತರಕ್ಕೇರಿದಷ್ಟೂ ಹೊಲದಲ್ಲಿ ಮೇಯುವ ಹಕ್ಕಿಯೊಂದಿಗೆ ಅದರ ನಂಟು ಸಡಿಲವಾಯಿತು.

ಅಂಚೆ ಎಂಬ ಹಕ್ಕಿ

ಕನ್ನಡದಲ್ಲಿ ಇದಕ್ಕೆ ಇನ್ನೂ ಒಂದು ತಿರುವು ಇದೆ. ಶಾಲೆಯ ವ್ಯಾಕರಣದ ತತ್ಸಮ ತದ್ಭವ ಪಟ್ಟಿಯನ್ನು ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು: ಹಂಸ ತತ್ಸಮ, ಅಂಚೆ ತದ್ಭವ. ಹಳಗನ್ನಡ ಕಾವ್ಯಗಳಲ್ಲಿ ಕೊಳದ ವರ್ಣನೆ ಬಂದಾಗಲೆಲ್ಲ ಅಂಚೆಗಳ ಹಿಂಡು ಹಾಜರಿರುತ್ತದೆ. ತೆಲುಗಿನಲ್ಲೂ ಹಂಸಕ್ಕೆ ‘ಅಂಚ’ ಎಂಬ ರೂಪವಿದೆ. ತಮಿಳಿನಲ್ಲಿ ಅದು ‘ಅನ್ನಂ’. ದೇವಸ್ಥಾನದ ದೀಪಗಳ ತುದಿಯಲ್ಲಿ ಕುಳಿತಿರುವ ಅನ್ನಪಕ್ಷಿ ಇದೇ.

ಇಂದು ಅಂಚೆ ಎಂದರೆ ಕಾಗದಪತ್ರ. ಹಂಸ ನಳನ ಸುದ್ದಿಯನ್ನು ದಮಯಂತಿಗೆ ಒಯ್ದದ್ದರಿಂದ ಪತ್ರ ಒಯ್ಯುವ ವ್ಯವಸ್ಥೆಗೂ ಹಂಸದ ಹೆಸರೇ ಬಂತು ಎನ್ನುವ ವಿವರಣೆಯನ್ನು ಕನ್ನಡ ಮೇಷ್ಟರುಗಳು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಕೇಳಲು ಬಲು ಸೊಗಸು. ಅದು ನಿಜವೇ ಆಗಿದ್ದರೆ ಜಗತ್ತಿನ ಅತ್ಯಂತ ಕಾವ್ಯಮಯ ಸರ್ಕಾರಿ ಇಲಾಖೆ ಕನ್ನಡನಾಡಿನದೇ ಎನ್ನಬಹುದಿತ್ತು.

ಮೈಸೂರಿನಲ್ಲಿ ಅಂಚೆ ವ್ಯವಸ್ಥೆಯನ್ನು ಕಟ್ಟಿದ ಕೀರ್ತಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರಿಗೆ ಸಲ್ಲುತ್ತದೆ. ಹರಿಕಾರರು ಒಂದು ಠಾಣ್ಯದಿಂದ ಮುಂದಿನ ಠಾಣ್ಯಕ್ಕೆ ಓಡಿ, ಅಲ್ಲಿ ಕಾದಿರುವವನ ಕೈಗೆ ಚೀಲ ದಾಟಿಸುತ್ತಿದ್ದರು. ಕಾಗದ ಸಾಗಿಸುವುದಷ್ಟೇ ಅವರ ಕೆಲಸವಾಗಿರಲಿಲ್ಲ. ಊರೂರಿನ ಸುದ್ದಿಯನ್ನು, ಅಧಿಕಾರಿಗಳ ನಡತೆಯನ್ನು ದೊರೆಗೆ ಮುಟ್ಟಿಸುವ ಗುಪ್ತಚರ ಜಾಲವೂ ಅದೇ ಆಗಿತ್ತು ಎಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಹೈದರ್ ಅಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿದ. ಕೊನೆಗೆ 1889ರಲ್ಲಿ ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಟಪಾಲು ಇಲಾಖೆಯಲ್ಲಿ ವಿಲೀನವಾಯಿತು.

ಆದರೆ ಈ ಅಂಚೆ ಆ ಅಂಚೆಯೇ? ನೆರೆಹೊರೆಯ ಭಾಷೆಗಳನ್ನು ನೋಡಿದರೆ ಅನುಮಾನ ಮೂಡುತ್ತದೆ. ತಿರುವಾಂಕೂರಿನ ಟಪಾಲಿಗೆ ‘ಅಂಚಲ್’ ಎಂದು ಹೆಸರು. ಅದು 1951ರಲ್ಲಿ ಭಾರತೀಯ ಅಂಚೆಯೊಂದಿಗೆ ಸೇರಿತು. ತಮಿಳುನಾಡಿನ ಅಂಚೆ ಕಚೇರಿಯ ಫಲಕದ ಮೇಲೆ ಇಂದಿಗೂ ಇರುವುದು ‘ಅಂಜಲ್’. ಮಲಯಾಳದ ಕಡೆ ಅದನ್ನು ದೂತ ಎಂಬರ್ಥದ ಗ್ರೀಕ್ ಪದದಿಂದ ಎಳೆದು ತರುವವರೂ ಇದ್ದಾರೆ. ಇದು ನಮ್ಮ ಹಂಸದ ಕಥೆಗಿಂತ ದೂರದ ಪ್ರಯಾಣ. ತೆಲುಗು ಇಲ್ಲಿ ಒಳ್ಳೆಯ ಸಾಕ್ಷಿ. ಅಲ್ಲಿ ಹಂಸ ‘ಅಂಚ’ವಾದರೆ, ‘ಅಂಚೆ’ ಎಂದರೆ ಮಜಲು, ಹಂತ. ಹಂತಹಂತವಾಗಿ ಎನ್ನಲು ತೆಲುಗರು ‘ಅಂಚೆಲಂಚೆಲುಗಾ’ ಎನ್ನುತ್ತಾರೆ. ಮಜಲಿನಿಂದ ಮಜಲಿಗೆ ಓಡುವ ಹರಿಕಾರನ ಕೆಲಸಕ್ಕೆ ಈ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಎರಡು ಬೇರೆ ಪದಗಳು ಕನ್ನಡದ ಬಾಯಲ್ಲಿ ಒಂದೇ ರೂಪ ತಳೆದಿವೆ ಎನ್ನುವುದೇ ಹೆಚ್ಚು ಸಂಭವನೀಯ. ಹೇಗೂ ಇರಲಿ, ಇವೆರಡರಲ್ಲಿ ಉಳಿದದ್ದು ಓಡುವವನ ಅಂಚೆ. ಹಾರುವ ಅಂಚೆ ಹಳಗನ್ನಡದ ನಿಘಂಟಿನೊಳಗೆ ಉಳಿಯಿತು.

ಮಾನಸದ ದಾರಿ

ಹೆಸರು ಏನೇ ಆಗಲಿ, ಹಕ್ಕಿ ತನ್ನ ದಾರಿ ಬಿಟ್ಟಿಲ್ಲ. ಕಾಳಿದಾಸನ ಮೇಘದೂತದಲ್ಲಿ ರಾಜಹಂಸಗಳು ದಾರಿಯ ಬುತ್ತಿಗೆ ತಾವರೆಯ ಎಳೆ ದಂಟನ್ನು ಹಿಡಿದು ಮೋಡದ ಜೊತೆ ಮಾನಸ ಸರೋವರಕ್ಕೆ ಹೊರಡುತ್ತವೆ. ಪರ್ವತವನ್ನು ದಾಟುವುದು ಕ್ರೌಂಚರಂಧ್ರ ಎಂಬ ಕಣಿವೆಯ ಮೂಲಕ. ಅದಕ್ಕೆ ಹಂಸದ್ವಾರ ಎಂದೇ ಹೆಸರು. ಪಟ್ಟೆತಲೆ ಹೆಬ್ಬಾತು ಮೊಟ್ಟೆಯಿಡುವುದು ಟಿಬೆಟ್, ಲಡಾಖ್, ಮಂಗೋಲಿಯಾ ಮೊದಲಾದ ಎತ್ತರದ ನಾಡುಗಳ ಸರೋವರಗಳ ಬಳಿ. ಮಾನಸ ಸರೋವರದ ಪ್ರದೇಶವೂ ಅವುಗಳಲ್ಲಿ ಒಂದು. ಪಕ್ಷಿತಜ್ಞ ಸಲೀಂ ಅಲಿ 1945ರಲ್ಲಿ ಅಲ್ಲಿಗೆ ಹೋಗಿ ಬಂದು ತಮ್ಮ ಯಾತ್ರೆಯ ವಿವರ ಬರೆದಿದ್ದಾರೆ.

ಈ ಹಕ್ಕಿಗಳಿಗೆ ಉಪಗ್ರಹ ಸಂಪರ್ಕದ ಸಾಧನ ಕಟ್ಟಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಯಿತು. ಅಲ್ಲಿ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧಕ್ಕಿಂತ ಕಡಿಮೆ. ಇವುಗಳ ರಕ್ತದ ಹಿಮೋಗ್ಲೋಬಿನ್ ಬಯಲಿನ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕವನ್ನು ಹಿಡಿದುಕೊಳ್ಳುವುದರಿಂದ ಇದು ಸಾಧ್ಯವಾಗಿದೆ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಹಾರಾಟದ ಬಹುಪಾಲು ಆರು ಸಾವಿರ ಮೀಟರಿಗಿಂತ ಕೆಳಗೇ ನಡೆಯುತ್ತದೆ. ಸುಮ್ಮನೆ ಶಿಖರಗಳ ಮೇಲೆ ಹಾರಿ ಶಕ್ತಿ ವ್ಯಯಿಸುವ ಬದಲು ಹಕ್ಕಿಗಳು ಕಣಿವೆಗಳ ಸಂದಿ ಹಿಡಿಯುತ್ತವೆ. ಹಂಸದ್ವಾರದ ಕಲ್ಪನೆ ಬರೀ ಕಲ್ಪನೆಯಾಗಿರಲಿಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ನೂರೊಂದು ಬಗೆಯ ಹಾರಾಟ ಬಲ್ಲೆನೆಂದು ಜಂಬ ಕೊಚ್ಚಿದ ಕಾಗೆಯನ್ನು, ಒಂದೇ ಬಗೆಯಲ್ಲಿ ಹಾರುವ ಹಂಸ ಸಮುದ್ರದ ಮೇಲೆ ಸೋಲಿಸುವ ಕಥೆಯಿದೆ. ಅದನ್ನು ಕಟ್ಟಿದವನೂ ಈ ಹಕ್ಕಿಯ ಎಡೆಬಿಡದ ರೆಕ್ಕೆಬಡಿತವನ್ನು ನೋಡಿದವನೇ ಇರಬೇಕು.

ಒಂದು ಕಡೆ ಕವಿಸಮಯ ತಪ್ಪುತ್ತದೆ. ಮಳೆಗಾಲ ಬಂದಾಗ ಹಂಸಗಳು ಮಾನಸಕ್ಕೆ ಹೊರಡುತ್ತವೆ ಎಂದು ಕವಿಗಳು ಹೇಳಿದರೂ ಹೆಬ್ಬಾತುಗಳು ನಮ್ಮ ಬಯಲುಗಳನ್ನು ಬಿಡುವುದು ಬೇಸಿಗೆಯ ಮೊದಲಲ್ಲೇ. ಮೈಸೂರು ಸುತ್ತಿನ ಕೆರೆಗಳಲ್ಲಿ, ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿದ ಹಕ್ಕಿಗಳು ಕಂಡಿವೆ. ವೇದಾಂತ ದೇಶಿಕರ ‘ಹಂಸಸಂದೇಶ’ದಲ್ಲಿ ರಾಮ ಲಂಕೆಯಲ್ಲಿರುವ ಸೀತೆಗೆ ಸಂದೇಶ ಕೊಟ್ಟು ಹಂಸವನ್ನು ದಕ್ಷಿಣಕ್ಕೆ ಕಳಿಸುತ್ತಾನೆ. ಶ್ರೀರಂಗದ ಮೇಲೆ ದಾಳಿಯಾದಾಗ ದೇಶಿಕರು ಕೊಳ್ಳೇಗಾಲ ಬಳಿಯ ಸತ್ಯಾಗಾಲದಲ್ಲಿ ನೆಲೆಸಿದ್ದರೆಂದು ಸಂಪ್ರದಾಯ ಹೇಳುತ್ತದೆ. ಕಾಳಿದಾಸನ ಹಂಸ ಉತ್ತರಕ್ಕೆ, ದೇಶಿಕರ ಹಂಸ ದಕ್ಷಿಣಕ್ಕೆ. ವಲಸೆಯ ಹೋಗುವ ದಾರಿ, ಬರುವ ದಾರಿ ಎರಡೂ ಕಾವ್ಯದಲ್ಲಿವೆ.

ಈಚೆಗೆ ‘ರಾಜಹಂಸ’ ಎಂಬ ಹೆಸರನ್ನು ಕನ್ನಡ ಪತ್ರಿಕೆಗಳು ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗೂ ಕೊಟ್ಟಿವೆ. ಕೆಎಸ್‌ಆರ್‌ಟಿಸಿ ಅದನ್ನು ತನ್ನ ಒಂದು ಬಸ್ಸಿಗೆ ಕೊಟ್ಟಿದೆ. ಸ್ವಾನ್‌ಗೆ ಹಂಸ, ಫ್ಲೆಮಿಂಗೊಗೆ ರಾಜಹಂಸ, ಟಪಾಲಿಗೆ ಅಂಚೆ ಎಂದು ಹಂಚಿಯಾದ ಮೇಲೆ ಮೂಲ ಹಕ್ಕಿಗೆ ಉಳಿದದ್ದು ಬಾತಿನ ಹೆಸರು.

ಇದರಿಂದ ಹಕ್ಕಿಗೇನು ನಷ್ಟ ಎಂದು ಕೇಳಬಹುದು. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ತಗುಲಿ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳದ್ದು ದೊಡ್ಡ ಪಾಲು. 2020ರ ಡಿಸೆಂಬರ್ ಕೊನೆ ಮತ್ತು 2021ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಅಣೆಕಟ್ಟಿನ ಜಲಾಶಯದಲ್ಲಿ ಅದೇ ರೋಗದಿಂದ ಸಾವಿರಾರು ವಲಸೆ ಹಕ್ಕಿಗಳ ಹೆಣ ಬಿದ್ದವು. ಹೆಚ್ಚಿನವು ಇದೇ ಹೆಬ್ಬಾತುಗಳು. ಸುದ್ದಿಯನ್ನು ಓದಿದವರು ಕೋಳಿ ಮಾಂಸ, ಮೊಟ್ಟೆ ತಿನ್ನಬಹುದೋ ಬೇಡವೋ ಎಂದು ವಿಚಾರಿಸಿದರು. ಸರಸ್ವತಿಯ ಪಟದ ಮುಂದೆ ಕೈಮುಗಿಯುವ ನಾಡಿನಲ್ಲಿ ಹಂಸಗಳು ರಾಶಿ ರಾಶಿಯಾಗಿ ಸಾಯುತ್ತಿವೆ ಎಂದು ಆ ಸುದ್ದಿಯನ್ನು ಓದಿಕೊಂಡವರು ಎಷ್ಟು ಮಂದಿ ಇದ್ದಾರು?

ಮಾಗಡಿ ಕೆರೆ ರಾಮ್ಸಾರ್ ಒಪ್ಪಂದದ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿಗೆ ಸೇರಿರುವುದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಅಘನಾಶಿನಿ ಅಳಿವೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರವೂ ಅದೇ ಬಾರಿ ಸೇರಿದವು. ಮಾಗಡಿಯದು ನೀರಾವರಿಗೆಂದು ಕಟ್ಟಿದ, ಸುಮಾರು 50 ಹೆಕ್ಟೇರ್ ವಿಸ್ತಾರದ ಸಾಧಾರಣ ಕೆರೆ. ಮಳೆ ಕೈಕೊಟ್ಟು ನೀರು ಇಂಗಿದ ವರ್ಷ ಹಕ್ಕಿಗಳೂ ವಿರಳವಾಗುತ್ತವೆ. ನೀರು ನಿಂತ ವರ್ಷ ಸಂಜೆ ಹೊತ್ತಿಗೆ ಹಿಂಡು ಮೇಲೆದ್ದು ಶೇಂಗಾ ಹೊಲಗಳತ್ತ ಹೊರಡುತ್ತದೆ. ಬೆಳೆಗೆ ಅದರಿಂದ ಆಗುವ ನಷ್ಟವನ್ನು ಹೊರುವವರು ಸುತ್ತಲಿನ ಹಳ್ಳಿಗಳ ರೈತರು.